ನಾಲ್ಕನೇ ವರ್ಷ: ಆನರ್ಸ್‌ಗೆ ಬರುವವರಿಗೆ ಒಬ್ಬ ಬಾಟನಿ ಮೇಡಂ ಹೇಳುವುದು

“ಆನರ್ಸ್ ಮಾಡಬೇಕಂತೀನ್ರಿ ಮೇಡಂ” ಅಂತ ಆರನೇ ಸೆಮಿಸ್ಟರಿನಲ್ಲಿ ಬಂದು ನಿಲ್ಲುವವರಿಗೆ ನಾನು ಮೊದಲು ಕೇಳುವುದು ಮೊದಲ ಸೆಮಿಸ್ಟರಿನ ಕನ್ನಡ ಪೇಪರಿನ ಅಂಕ. ಬಾಟನಿ ಅಂಕ ಆಮೇಲೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈ ಮೇಡಂಗೆ ಏನಾತು ಅನ್ನುವ ನೋಟ ಅದು.

ಕಾರಣ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಡಿಸೆಂಬರಿನಲ್ಲಿ ಹೊರಡಿಸಿದ ಪದವಿ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್ (ಓದಿನ ಹೊತ್ತಿನ ಅಳತೆ), ನಾಲ್ಕು ವರ್ಷದ ಆನರ್ಸ್‌ಗೆ 160. ಆ ನಾಲ್ಕನೇ ವರ್ಷದಲ್ಲಿ ಎರಡು ದಾರಿ. ಒಂದು ಬರೀ ಆನರ್ಸ್: ಪ್ರಾಜೆಕ್ಟಿನ ಬದಲು ಒಟ್ಟು 12 ಕ್ರೆಡಿಟ್ಟಿನ ಮೂರು ಪೇಪರು ಓದಿ ಮುಗಿಸುವುದು. ಇನ್ನೊಂದು ಸಂಶೋಧನೆಯೊಂದಿಗೆ ಆನರ್ಸ್: 12 ಕ್ರೆಡಿಟ್ಟಿನ ಸಂಶೋಧನಾ ಪ್ರಾಜೆಕ್ಟು, ತಲೆಮೇಲೆ ಒಬ್ಬ ಗೈಡು. ಈ ಎರಡನೆಯದಕ್ಕೆ ಬರಬೇಕಾದರೆ ಮೊದಲ ಆರು ಸೆಮಿಸ್ಟರಿನಲ್ಲಿ ಶೇ. 75 ಇರಬೇಕು. ಒಟ್ಟು ಅಂಕದಲ್ಲಿ 75. ಅಂದರೆ ಕನ್ನಡ, ಇಂಗ್ಲಿಷು, ಓಪನ್ ಎಲೆಕ್ಟಿವ್ ಎಲ್ಲಾ ಸೇರಿ. ನಮ್ಮ ಸೈನ್ಸ್ ಹುಡುಗರು ಬಾಟನಿಯಲ್ಲಿ 82 ತೆಗೆದು ಭಾಷೆಯಲ್ಲಿ 58ಕ್ಕೆ ಸಮಾಧಾನಪಟ್ಟುಕೊಂಡಿರುತ್ತಾರೆ. “ಅದೇನ್ ಪಾಸಾದ್ರ ಸಾಕಲ್ರಿ” ಅನ್ನುವುದು ಆ ಹೊತ್ತಿನ ಮಾತು.

ಲೆಕ್ಕ ಹಾಕಿ ನೋಡಿ. ನಾಲ್ಕು ಸೆಮಿಸ್ಟರಿನ ಸರಾಸರಿ 70 ಇದ್ದರೆ ಐದು ಮತ್ತು ಆರರಲ್ಲಿ ತಲಾ 85 ಬೇಕು. ಸರಾಸರಿ 72 ಇದ್ದರೆ ತಲಾ 81. ಐದನೇ ಸೆಮಿಸ್ಟರಿನಲ್ಲಿ ಪೇಪರುಗಳೂ ಬಿರುಸು, ಪ್ರಾಕ್ಟಿಕಲ್ಲೂ ಜಾಸ್ತಿ. ಅಲ್ಲಿ 85 ತೆಗೆಯುವುದಕ್ಕಿಂತ ಮೊದಲ ವರ್ಷದ ಕನ್ನಡದಲ್ಲಿ 80 ತೆಗೆಯುವುದು ಎಷ್ಟೋ ಹಗುರ. ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬ್ಯಾಚಿನವರಿಗೆ ಥಿಯರಿ ಪೇಪರಿನಲ್ಲಿ 40 ಅಂಕ ಆಂತರಿಕ. ಟೆಸ್ಟು, ಅಸೈನ್‌ಮೆಂಟು, ಸೆಮಿನಾರು ಇವಕ್ಕೆ ಸಿಗುವುದು ಅದು. ಟೆಸ್ಟಿನ ದಿನ ಊರ ಜಾತ್ರೆಗೆ ಹೋದವರ ಅಂಕ ಅಲ್ಲೇ ಸೋರಿ ಹೋಗಿರುತ್ತದೆ. ಜಾತ್ರೆಗೆ ಹೋಗಬೇಡಿ ಅನ್ನುವುದಿಲ್ಲ, ನಾನೂ ರೋಣದ ಕಡೆಯವಳು. ಹೋಗುವ ಮುಂಚೆ ಮೇಷ್ಟ್ರಿಗೆ ಒಂದು ಮಾತು ಹೇಳಿ, ಟೆಸ್ಟು ಬೇರೆ ದಿನ ಬರೆಯಲು ಬರುತ್ತದೇನು ಕೇಳಿ.

ಧಾರವಾಡದ ಒಂದು ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಮನೆ ಹುಬ್ಬಳ್ಳಿಯ ವಿದ್ಯಾನಗರ, ದಿನಾ ಚಿಗರಿ ಬಸ್ಸು. ನಾಲ್ಕನೇ ವರ್ಷದ ಮಕ್ಕಳಿಗೆ ಗೈಡ್ ಆಗಿದ್ದೇನೆ, ಪಕ್ಕದ ವಿಭಾಗದ ಮಕ್ಕಳು ಏನೇನು ಮಾಡಿದರು ಅನ್ನುವುದನ್ನೂ ಕಂಡಿದ್ದೇನೆ. ಈ ಮಾತುಗಳೆಲ್ಲ ಅಲ್ಲಿಂದ ಬಂದವು.

ಯಾವ ಆನರ್ಸ್, ಯಾರಿಗೆ

ನಿಮ್ಮ ಬ್ಯಾಚು ಯಾವುದು ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಮಟ್ಟದಲ್ಲಿ 2021-22ರಿಂದ ಜಾರಿಗೆ ತಂದ ರಾಜ್ಯ ನಮ್ಮದು. ಅದೇ ರಾಜ್ಯ 2024-25ರಿಂದ ಸೇರಿದವರಿಗೆ ಮತ್ತೆ ಮೂರು ವರ್ಷದ ಪದವಿ ಮಾಡಿತು. ನಡುವೆ ಸಿಕ್ಕವರು 2021, 2022, 2023ರಲ್ಲಿ ಸೇರಿದವರು. ಅವರಿಗೆ ನಾಲ್ಕನೇ ವರ್ಷ ಬೇಕಾದರೆ ಮಾಡಬಹುದು, ಬೇಡವಾದರೆ ಮೂರಕ್ಕೇ ಪದವಿ ಹಿಡಿದು ಹೊರಡಬಹುದು. ನಿಮ್ಮ ಕಾಲೇಜಿನಲ್ಲಿ ನಾಲ್ಕನೇ ವರ್ಷ ನಡೆಯುತ್ತದೋ ಇಲ್ಲವೋ, ನಡೆದರೆ ಯಾವ ವಿಷಯದಲ್ಲಿ ಅನ್ನುವುದನ್ನು ಕಚೇರಿಯಲ್ಲಿ ಕೇಳಿ, ಕ್ಯಾಂಟೀನಿನಲ್ಲಿ ಬೇಡ. ಕ್ಯಾಂಟೀನಿನಲ್ಲಿ ಗಿರ್ಮಿಟ್ ಚೆನ್ನಾಗಿರುತ್ತದೆ, ಸುದ್ದಿ ಅಷ್ಟು ಚೆನ್ನಾಗಿರುವುದಿಲ್ಲ.

ಈಗ ಪಿಯುಸಿಯಲ್ಲಿ ಇರುವವರು, ಅಥವಾ ಪಿಯುಸಿ ಓದುವ ಮಕ್ಕಳ ಅಪ್ಪ-ಅವ್ವ ಇದನ್ನು ಓದುತ್ತಿದ್ದರೆ, ನಿಮ್ಮ ಬಾಗಿಲು ಬೇರೆ. ಹತ್ತಿರದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ. 1986ರಿಂದ ಇರುವ ಸಂಸ್ಥೆ. ಅಲ್ಲಿಯ ಬಿಎಸ್ಸಿ ಕೃಷಿ ಪದವಿ ನಾಲ್ಕು ವರ್ಷದ ಆನರ್ಸ್ ಪದವಿಯೇ. ಹಾವೇರಿ ಜಿಲ್ಲೆಯ ಹನುಮನಮಟ್ಟಿಯ ಕೃಷಿ ಕಾಲೇಜೂ ಅದರದ್ದೇ. ಪ್ರವೇಶ ಸಿಇಟಿಯಿಂದ. ರೈತರ ಮಕ್ಕಳಿಗೆ ಕೋಟಾ ಇದೆ, ಆ ಕೋಟಾದವರಿಗೆ ಬೀಜ, ಗೊಬ್ಬರ, ಸಲಕರಣೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೂ ಇದೆ. ಹೊಲ ಇದ್ದ ಮನೆಯಲ್ಲಿ ಹುಟ್ಟಿಯೂ ಕುಸುಬಿ ಬೀಜ ಯಾವುದು, ಅಗಸಿ ಬೀಜ ಯಾವುದು ಅಂತ ತಡವರಿಸುವ ಮಕ್ಕಳನ್ನು ನೋಡಿದ್ದೇನೆ. ರಜೆಯಲ್ಲಿ ಅಜ್ಜನ ಜೊತೆ ಹೊಲಕ್ಕೆ ಹೋಗಿ ಬನ್ನಿ. ಆ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಕೋಚಿಂಗ್ ಇಲ್ಲ.

ಇಂಜಿನಿಯರಿಂಗ್‌ನವರ ಆನರ್ಸ್ ಮತ್ತೊಂದು ಥರದ್ದು. ವರ್ಷ ಹೆಚ್ಚಾಗುವುದಿಲ್ಲ, ಕ್ರೆಡಿಟ್ ಹೆಚ್ಚಾಗುತ್ತದೆ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇಯ ಮಾದರಿಯಲ್ಲಿ 18ರಿಂದ 20 ಕ್ರೆಡಿಟ್ ಹೆಚ್ಚುವರಿಯಾಗಿ ಗಳಿಸಬೇಕು, ಬಹುಪಾಲು ಸರಕಾರದ ಕಲಿಕಾ ಜಾಲತಾಣಗಳಾದ ಸ್ವಯಂ ಮತ್ತು ಎನ್‌ಪಿಟಿಇಎಲ್‌ನ ಆನ್‌ಲೈನ್ ಕೋರ್ಸುಗಳಿಂದ. ಎನ್‌ಪಿಟಿಇಎಲ್‌ನಲ್ಲಿ ಅಸೈನ್‌ಮೆಂಟಿಗೆ 25, ಕೇಂದ್ರದಲ್ಲಿ ಕೂತು ಬರೆಯುವ ಪರೀಕ್ಷೆಗೆ 75. ಅಸೈನ್‌ಮೆಂಟನ್ನು ವಾರ ವಾರ ಹಾಕಲೇಬೇಕು, ಕೊನೆಗೆ ಒಟ್ಟಿಗೆ ಹಾಕಲು ಬರುವುದಿಲ್ಲ. ಸಿಜಿಪಿಎ ಎಷ್ಟಿರಬೇಕು, ಯಾವ ಸೆಮಿಸ್ಟರಿನಲ್ಲಿ ಅರ್ಜಿ ಹಾಕಬೇಕು ಅನ್ನುವುದು ನಿಮ್ಮ ಸ್ಕೀಮಿನ ನಿಯಮಾವಳಿಯಲ್ಲಿ ಇರುತ್ತದೆ. ಎರಡನೇ ವರ್ಷದಲ್ಲೇ ಅದನ್ನು ಡೌನ್‌ಲೋಡ್ ಮಾಡಿ ಓದಿ.

ಊರು ಬಿಟ್ಟು ಹೋಗುವ ಧೈರ್ಯ ಇದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಐಐಎಸ್‌ಸಿಯ ನಾಲ್ಕು ವರ್ಷದ ಪದವಿ ಇದೆ, ಕೇಂದ್ರ ಸರಕಾರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳಿವೆ. ಕಲಬುರಗಿ ಹತ್ತಿರ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಅಲ್ಲಿಗೆ ಸಿಯುಇಟಿ ಅನ್ನುವ ದೇಶಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಬಿಎ, ಬಿಎಸ್ಸಿ ಆನರ್ಸ್ ಇದೆ, ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತಾರೆ. ಇವಕ್ಕೆಲ್ಲ ಅರ್ಜಿ ಪಿಯುಸಿ ಪರೀಕ್ಷೆಯ ಆಸುಪಾಸಿನಲ್ಲೇ ಹೋಗಬೇಕು. ರಿಸಲ್ಟ್ ಬಂದ ಮೇಲೆ ಎದ್ದವರಿಗೆ ಬಾಗಿಲು ಮುಚ್ಚಿರುತ್ತದೆ.

ಯಾರು ಬರಬಾರದು

ಕಳೆದ ವರ್ಷ ಒಬ್ಬ ಹುಡುಗಿಯ ಅಪ್ಪ ನರಗುಂದದ ಕಡೆಯಿಂದ ಬಂದಿದ್ದರು. “ಮೂರು ವರ್ಷಕ್ಕ ಡಿಗ್ರಿ ಕೊಡ್ತಾರ್ರಿ ಅಕ್ಕಾರ. ಒಂದ್ ವರ್ಷ ಹೆಚ್ಗಿ ಓದಿ ಏನ್ ಮಾಡ್ತಾಳ್ರಿ?” ಅಂದರು. ನ್ಯಾಯವಾದ ಪ್ರಶ್ನೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಸಪ್ತಾಪುರದ ಓಣಿಗಳಲ್ಲಿ ರೂಮು ಹಿಡಿದು ಪಿಎಸ್‌ಐ, ಎಫ್‌ಡಿಎ, ಕೆಎಎಸ್‌ಗೆ ಓದುವ ಆಲೋಚನೆ ಇದ್ದರೆ ಈ ವರ್ಷ ನಿಮಗೆ ದಂಡ. ಆ ಪರೀಕ್ಷೆಗಳಿಗೆ ಪದವಿ ಇದ್ದರೆ ಸಾಕು, ಆನರ್ಸ್ ಇದ್ದವರಿಗೆ ಒಂದು ಅಂಕವೂ ಹೆಚ್ಚು ಕೊಡುವುದಿಲ್ಲ. ಬಿಎಡ್ ಮಾಡಿ ಹೈಸ್ಕೂಲು ಮಾಸ್ತರಿಕೆಗೆ ಹೋಗುವವರಿಗೂ ಹಾಗೇ. ಮನೆಯಲ್ಲಿ ಸಾಲ ಇದೆ, ಮುಂದಿನ ಜೂನಿನಿಂದ ಸಂಬಳ ತರಲೇಬೇಕು ಅನ್ನುವವರು ಬರಬೇಡಿ. ಗೆಳತಿ ಸೇರಿದಳು ಅಂತ ಸೇರುವವರು ಎರಡನೇ ತಿಂಗಳಿಗೆ ಲ್ಯಾಬಿಗೆ ಬರುವುದು ಬಿಟ್ಟಿರುತ್ತಾರೆ.

ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗಿದೆ, ಒಂದು ವರ್ಷ ತಳ್ಳಿದರೆ ಸಾಕು ಅಂತ ಬರುವ ಹುಡುಗಿಯರೂ ಇದ್ದಾರೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಗೊತ್ತಾಗುತ್ತದೆ. ನನಗೆ ಅದು ತಪ್ಪು ಕಾರಣ ಅನಿಸಿಲ್ಲ. ಕೆಲಸ ಮಾತ್ರ ಮಾಡಬೇಕು.

ಬರಬೇಕಾದವರು ಯಾರೆಂದರೆ, ಪ್ರಾಕ್ಟಿಕಲ್ ಮುಗಿದ ಮೇಲೂ ಸ್ಲೈಡು ನೋಡುತ್ತ ಕೂತು ಅಟೆಂಡರ್ ಕಾಕಾನ ಕೈಲಿ ಬೈಸಿಕೊಳ್ಳುವವರು. ಪುಸ್ತಕದಲ್ಲಿ ಹೀಗಿದೆ, ನಮ್ಮ ಹೊಲದಲ್ಲಿ ಹಾಗಿಲ್ಲವಲ್ಲ ಅಂತ ಕೇಳುವವರು. ಮುಂದೆ ಎಂಎಸ್ಸಿ, ಪಿಎಚ್‌ಡಿ, ಪ್ರಯೋಗಾಲಯದ ಕೆಲಸ ಬೇಕು ಅನ್ನುವವರು. ಇವರಿಗೆ ಈ ವರ್ಷದ ಬೆಲೆ ದೊಡ್ಡದು. 2022ರ ಯುಜಿಸಿ ಪಿಎಚ್‌ಡಿ ನಿಯಮಾವಳಿಯ ಪ್ರಕಾರ ಎಂಟು ಸೆಮಿಸ್ಟರಿನ ಪದವಿಯಲ್ಲಿ ಶೇ. 75 ಇದ್ದವರು ಸ್ನಾತಕೋತ್ತರ ಇಲ್ಲದೆಯೇ ಪಿಎಚ್‌ಡಿ ಪ್ರವೇಶಕ್ಕೆ ಅರ್ಹರು. ಮೀಸಲಾತಿ ವರ್ಗದವರಿಗೆ ಶೇ. 5 ರಿಯಾಯಿತಿ ಇದೆ. 2024ರ ಜೂನ್ ಸುತ್ತಿನಿಂದ ಸಂಶೋಧನಾ ಫೆಲೋಶಿಪ್, ಪಿಎಚ್‌ಡಿ ಪ್ರವೇಶಕ್ಕೆ ಬರೆಯುವ ನೆಟ್ ಪರೀಕ್ಷೆಗೂ ಇವರನ್ನು ಕೂರಿಸುತ್ತಿದ್ದಾರೆ. ಎಂಎಸ್ಸಿಯೇ ಬೇಕು ಅಂದರೆ ನಾಲ್ಕು ವರ್ಷ ಮುಗಿಸಿದವರಿಗೆ ಒಂದು ವರ್ಷದ ಎಂಎಸ್ಸಿಗೆ ಯುಜಿಸಿ ಅವಕಾಶ ಕೊಟ್ಟಿದೆ. ಆದರೆ ನೀವು ಹೋಗಬೇಕೆಂದಿರುವ ವಿಶ್ವವಿದ್ಯಾಲಯ ಅಂಥ ಕೋರ್ಸು ತೆರೆದಿದೆಯೇ ಅಂತ ಮೊದಲು ನೋಡಿ. ತೆರೆಯದೇ ಇದ್ದರೆ ಅಲ್ಲಿ ಎರಡು ವರ್ಷವೇ ಓದಬೇಕಾಗುತ್ತದೆ.

ಗೈಡ್ ಹಿಡಿಯುವುದು

ಇಡೀ ವರ್ಷದ ಗತಿ ನಿರ್ಧಾರವಾಗುವುದು ಇಲ್ಲಿ. ಮಕ್ಕಳು ವಿಷಯ ಆರಿಸಿಕೊಂಡು ಗೈಡನ್ನು ಹುಡುಕುತ್ತಾರೆ. ನಾನಾದರೆ ಗೈಡನ್ನು ಆರಿಸಿಕೊಂಡು ವಿಷಯ ಹುಡುಕುತ್ತೇನೆ. ಒಳ್ಳೆಯ ಗೈಡಿನ ಕೈಯಲ್ಲಿ ಹುಲ್ಲಿನ ಮೇಲಿನ ಪ್ರಾಜೆಕ್ಟೂ ಪ್ರಾಜೆಕ್ಟೇ. ಕೈಗೆ ಸಿಗದ ಗೈಡಿನ ಹತ್ತಿರ ಎಂಥ ದೊಡ್ಡ ವಿಷಯ ಇದ್ದರೂ ನೀವು ಮಾರ್ಚಿನಲ್ಲಿ ಬಾಗಿಲು ಕಾಯುತ್ತ ನಿಂತಿರುತ್ತೀರಿ.

ನೋಡಬೇಕಾದ್ದು: ಅವರು ಕಾಯಂ ಅಧ್ಯಾಪಕರೇ, ಪಿಎಚ್‌ಡಿ ಆಗಿದೆಯೇ, ಸಂಜೆ ಹೊತ್ತು ವಿಭಾಗದಲ್ಲಿ ಇರುತ್ತಾರೆಯೇ. ಅತಿಥಿ ಉಪನ್ಯಾಸಕರಲ್ಲಿ ಬಹಳ ಚೆನ್ನಾಗಿ ಕಲಿಸುವವರು ಇದ್ದಾರೆ, ನಾನು ಅವರನ್ನು ಕಮ್ಮಿ ಮಾಡಿ ಹೇಳುತ್ತಿಲ್ಲ. ಆದರೆ ಅವರ ನೇಮಕಾತಿ ವರ್ಷದ ನಡುವೆ ನಿಂತರೆ ನೀವು ನಡುನೀರಿನಲ್ಲಿ. ಕಲಿಯಲು ಅವರ ಹತ್ತಿರ ಹೋಗಿ, ಸಹಿಗೆ ಕಾಯಂ ಇರುವವರನ್ನು ಇಟ್ಟುಕೊಳ್ಳಿ. ಹಿಂದಿನ ವರ್ಷ ಆ ಗೈಡಿನ ಕೆಳಗೆ ಮಾಡಿದವರನ್ನು ಹುಡುಕಿ ಒಂದೇ ಒಂದು ಪ್ರಶ್ನೆ ಕೇಳಿ: ನೀವು ಬರೆದುಕೊಟ್ಟ ಅಧ್ಯಾಯವನ್ನು ಅವರು ತಿದ್ದಿ ವಾಪಸ್ ಕೊಟ್ಟರೇ? ಆ ಉತ್ತರದಲ್ಲಿ ಎಲ್ಲಾ ಇರುತ್ತದೆ.

ಕೇಳಲು ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಒಂದು ಹಾಳೆಯಲ್ಲಿ ನಿಮ್ಮ ಸೆಮಿಸ್ಟರುವಾರು ಅಂಕ, ನಿಮಗೆ ಹಿಡಿಸಿದ ಒಂದು ಪ್ರಾಕ್ಟಿಕಲ್ ಯಾವುದು ಮತ್ತು ಯಾಕೆ, ವಾರಕ್ಕೆ ಎಷ್ಟು ಹೊತ್ತು ಕೊಡಬಲ್ಲಿರಿ ಅನ್ನುವುದನ್ನು ಬರೆದುಕೊಂಡು ಹೋಗಿ. ಗದಗದಿಂದ ದಿನಾ ರೈಲಿಗೆ ಬಂದು ಹೋಗುವವರಾದರೆ ಅದನ್ನೂ ಬರೆಯಿರಿ. ಮುಚ್ಚಿಟ್ಟರೆ ಆಮೇಲೆ ಸಂಜೆ ಪ್ರಯೋಗ ಇಟ್ಟಾಗ ಇಬ್ಬರಿಗೂ ಕಿರಿಕಿರಿ. ಕನ್ನಡದಲ್ಲೇ ಬರೆದರೂ ನಡೆಯುತ್ತದೆ. ಒಬ್ಬ ಹುಡುಗ ಹಾಗೆ ಬರೆದುಕೊಂಡು ಬಂದಿದ್ದ, ಕೊನೆಯ ಸಾಲಿನಲ್ಲಿ “ಬುಧವಾರ ಸಂತಿ, ಅಪ್ಪಗ ಸಹಾಯ ಮಾಡ್ಬೇಕು, ಅವತ್ತು ಬರಾಂಗಿಲ್ಲ” ಅಂತ ಇತ್ತು. ನನಗೆ ಅವನ ಮೇಲೆ ಅಲ್ಲೇ ನಂಬಿಕೆ ಬಂತು.

ವಿಷಯ: ನಿಮ್ಮ ಕೈಗೆ ಎಟುಕುವುದು

ಸಂಶೋಧನೆ ಅಂದ ಕೂಡಲೇ ಮಕ್ಕಳ ತಲೆಗೆ ಬರುವುದು ಗದಗ ಜಿಲ್ಲೆಯ ಕಪ್ಪತಗುಡ್ಡ ಮತ್ತು ಕ್ಯಾನ್ಸರು. ಕಪ್ಪತಗುಡ್ಡದ ಯಾವುದೋ ಗಿಡದಿಂದ ಕ್ಯಾನ್ಸರಿಗೆ ಔಷಧ. ಪ್ರತಿ ವರ್ಷ ಒಬ್ಬರಾದರೂ ಇದನ್ನು ತರುತ್ತಾರೆ. “ತಮ್ಮಾ, ಕ್ಯಾನ್ಸರ್ ಜೀವಕೋಶ ಬೆಳೆಸೋ ಲ್ಯಾಬ್ ಎಲ್ಲೈತಿ ನಮ್ಮಲ್ಲಿ?” ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಇನ್ನೊಂದು ಸಂಗತಿ ಅವರಿಗೆ ಗೊತ್ತಿರುವುದಿಲ್ಲ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿ ಗಿಡ ಕೀಳಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಆ ಕಾಗದ ಓಡಾಡಿ ಬರುವಷ್ಟರಲ್ಲಿ ನಿಮ್ಮ ಏಳನೇ ಸೆಮಿಸ್ಟರ್ ಮುಗಿದಿರುತ್ತದೆ. ಧಾಮದ ಹೊರಗಿನ ಊರುಗಳಲ್ಲಿ ಯಾವ ಗಿಡವನ್ನು ಯಾವುದಕ್ಕೆ ಬಳಸುತ್ತಾರೆ ಅಂತ ಅಜ್ಜಿಯರನ್ನು ಮಾತಾಡಿಸಿ ದಾಖಲಿಸಿ, ದಾರಿ ಬದಿಯ ಗಿಡಗಳನ್ನು ಒಣಗಿಸಿ ಹಾಳೆಗೆ ಅಂಟಿಸಿ ಹರ್ಬೇರಿಯಂ ಮಾಡಿ. ಅದು ಒಂದು ವರ್ಷದಲ್ಲಿ ಮುಗಿಯುವ ಕೆಲಸ.

ನನಗೆ ಬಹಳ ಇಷ್ಟವಾದ ಪ್ರಾಜೆಕ್ಟು ಬ್ಯಾಡಗಿ ಮೆಣಸಿನಕಾಯಿಯದ್ದು. 2011ರಲ್ಲಿ ಜಿಐ ಟ್ಯಾಗ್ (ಆ ಸೀಮೆಯದ್ದೇ ಅನ್ನುವ ಕಾನೂನಿನ ಗುರುತು) ಸಿಕ್ಕ ಬೆಳೆ, ಖಾರ ಕಮ್ಮಿ, ಬಣ್ಣ ಜಾಸ್ತಿ. ವ್ಯಾಪಾರದಲ್ಲಿ ಅದರ ಬೆಲೆ ಬಣ್ಣದ ಮೇಲೆ ನಿಂತಿದೆ. ಆ ಬಣ್ಣ ಅಳೆಯಲು ದೊಡ್ಡ ಯಂತ್ರ ಬೇಡ. ಒಣಮೆಣಸಿನಕಾಯಿ ಪುಡಿ ಮಾಡಿ ಅಸಿಟೋನಿನಲ್ಲಿ ನೆನೆಹಾಕಿ, ಬಿಟ್ಟ ಬಣ್ಣವನ್ನು, ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 460 ನ್ಯಾನೋಮೀಟರಿಗೆ ಇಟ್ಟು ಓದಿದರೆ ಆಯಿತು. ವ್ಯಾಪಾರಿಗಳು ಆಸ್ಟಾ ಬಣ್ಣ ಅನ್ನುವುದು ಇದನ್ನೇ. ರಾಣೆಬೆನ್ನೂರ ಕಡೆಯ ಹುಡುಗಿ ಒಬ್ಬಳು ಡಬ್ಬಿ ಮತ್ತು ಕಡ್ಡಿ ಎರಡೂ ತಳಿ ತಂದಳು. ಒಂದು ಪಾಲು ಕೋಲ್ಡ್ ಸ್ಟೋರೇಜಿನಲ್ಲಿ, ಒಂದು ಪಾಲು ಮನೆಯ ಅಟ್ಟದ ಮೇಲೆ ಚೀಲದಲ್ಲಿ, ಒಂದು ಪಾಲು ಬಿಸಿಲು ಬೀಳುವ ಕಿಟಕಿಯಲ್ಲಿ ಗಾಜಿನ ಭರಣಿಯಲ್ಲಿ. ತಿಂಗಳಿಗೊಮ್ಮೆ ಓದುವುದು. ಪ್ರಶ್ನೆ ಸಣ್ಣದು: ಬಣ್ಣ ಎಲ್ಲಿ ಬೇಗ ಇಳಿಯುತ್ತದೆ? ಅವಳ ಅಪ್ಪ ಮೆಣಸಿನಕಾಯಿ ಬೆಳೆಯುವವರು, ಉತ್ತರ ಅವರಿಗೂ ಬೇಕಿತ್ತು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು ಆ ಮೂರು ಗೆರೆಯ ಗ್ರಾಫನ್ನು ಮುಂದಿಟ್ಟುಕೊಂಡು ಉಳಿದವರ ಸಮಯವನ್ನೂ ಅವಳಿಗೇ ಕೊಟ್ಟರು. ಅವಳ ಕೈಯಲ್ಲಿದ್ದ ಅಂಕಿಯೆಲ್ಲ ಅವಳದೇ, ಯಾವ ಕಡೆಯಿಂದ ಕೇಳಿದರೂ ಉತ್ತರ ಇತ್ತು.

ಒಂದು ಎಚ್ಚರಿಕೆ. ಬೆಳೆಗೂ ಹಕ್ಕಿಗೂ ನಿಮ್ಮ ಸೆಮಿಸ್ಟರಿನ ಹಂಗಿಲ್ಲ. ಹೊಸ ಮೆಣಸಿನಕಾಯಿ ಮಾರ್ಕೆಟ್ಟಿಗೆ ಬರುವುದು ಜನವರಿಯ ಆಸುಪಾಸು. ಅದನ್ನು ಮೊದಲೇ ಲೆಕ್ಕ ಹಾಕಬೇಕು. ನಮ್ಮ ಝೂಆಲಜಿ ವಿಭಾಗದ ಹುಡುಗರು ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳ ಮೇಲೆ ಮಾಡಿದರು. 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಕೆರೆ ಅದು. ಮಂಗೋಲಿಯಾ, ಟಿಬೆಟ್ಟಿನ ಕಡೆಯಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳು. ಏಪ್ರಿಲಿನಲ್ಲಿ ಎಣಿಸಲು ಹೋದರೆ ಕೆರೆ ಖಾಲಿ. ಹಾಗಾಗಿ ಇಂಥ ವಿಷಯದವರು ಏಳನೇ ಸೆಮಿಸ್ಟರಿನ ಮೊದಲ ವಾರದಲ್ಲೇ ಕ್ಯಾಲೆಂಡರ್ ಬರೆದು ಗೋಡೆಗೆ ಅಂಟಿಸಬೇಕು.

ಊರು ಬಿಟ್ಟು ಹೋಗಲಾಗದವರಿಗೆ ಕೆಲಗೇರಿ ಕೆರೆ, ಉಣಕಲ್ ಕೆರೆ ಇವೆ. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನಕ್ಕೆ ಬ್ಯುರೆಟ್ಟು, ನಾಲ್ಕಾರು ರಾಸಾಯನಿಕ ಸಾಕು. ಆದರೆ ಬಾಟಲಿಯಲ್ಲಿ ನೀರು ತುಂಬಿಕೊಂಡು ಬಂದು ಲ್ಯಾಬಿನಲ್ಲಿ ಅಳೆಯುವುದಲ್ಲ, ಮೊದಲ ಎರಡು ದ್ರಾವಣಗಳನ್ನು ಕೆರೆ ದಂಡೆಯಲ್ಲೇ ಹಾಕಿ ಆಮ್ಲಜನಕವನ್ನು ಕಟ್ಟಿಹಾಕಬೇಕು. ಇದನ್ನು ಪುಸ್ತಕದಲ್ಲಿ ಓದಿದವರು ಮರೆಯುತ್ತಾರೆ, ದಂಡೆಯ ಮೇಲೆ ಕೂತು ಮಾಡಿದವರು ಮರೆಯುವುದಿಲ್ಲ.

ನಿಮ್ಮ ಕಾಲೇಜಿನಲ್ಲಿ ಇಲ್ಲದ ಯಂತ್ರ ಬೇಕಾದರೆ ಕರ್ನಾಟಕ ವಿಶ್ವವಿದ್ಯಾಲಯದ ಪಾವಟೆ ನಗರದ ಕ್ಯಾಂಪಸ್ಸಿನಲ್ಲಿ ಯುಸಿಕ್ ಇದೆ, ವೈಜ್ಞಾನಿಕ ಉಪಕರಣಗಳ ಕೇಂದ್ರ. ಶುಲ್ಕ ಕಟ್ಟಿ ಸ್ಯಾಂಪಲ್ ಕೊಡಬಹುದು. ಗೈಡಿನ ಪತ್ರ ಇಟ್ಟುಕೊಂಡು ಹೋಗಿ. ಬಿಎ ಮಕ್ಕಳಿಗೆ ಅದೇ ಕ್ಯಾಂಪಸ್ಸಿನಲ್ಲಿ 1939ರಿಂದ ಬಂದ ಕನ್ನಡ ಸಂಶೋಧನ ಸಂಸ್ಥೆ ಇದೆ. ಲಕ್ಕುಂಡಿಯ ಗುಡಿಗಳ ಮೇಲೆ ಬರೆಯುತ್ತೇನೆ ಅನ್ನುವ ಇತಿಹಾಸದ ಮಕ್ಕಳು ಇಡೀ ಲಕ್ಕುಂಡಿಯನ್ನು ಹಿಡಿಯದೆ ಒಂದು ಗುಡಿ, ಒಂದು ಶಾಸನ ಹಿಡಿದರೆ ನೂರು ಪುಟ ತಾನಾಗಿ ಬರುತ್ತದೆ.

ವರ್ಷ ನಡೆಯುವಾಗ

ಪ್ರಾಯೋಗಿಕ ಕೆಲಸಕ್ಕೆ ಯುಜಿಸಿ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ. 12 ಕ್ರೆಡಿಟ್ಟಿಗೆ 360 ಗಂಟೆ. ಹದಿನೈದು ವಾರದ ಸೆಮಿಸ್ಟರಿನಲ್ಲಿ ಹರಡಿದರೆ ವಾರಕ್ಕೆ 24 ಗಂಟೆ. ಇದು ಗೊತ್ತಾದ ದಿನ ಕೆಲವರು ವಾಪಸ್ ಹೋಗುತ್ತಾರೆ. ಅದೂ ಒಳ್ಳೆಯದೇ.

ಲ್ಯಾಬ್ ನೋಟ್‌ಬುಕ್ ಒಂದೇ ಇರಲಿ, ಹೊಲಿದ ಪುಸ್ತಕ, ಪುಟಕ್ಕೆ ನಂಬರು ಹಾಕಿದ್ದು, ಪೆನ್ನಿನಲ್ಲಿ ಬರೆದದ್ದು. ಕೆಟ್ಟು ಬಂದ ರೀಡಿಂಗನ್ನೂ ಬರೆಯಿರಿ. ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಚೆಂದ ಮಾಡಿ ಇಳಿಸುತ್ತೇನೆ ಅನ್ನುವವರ ಚೀಟಿ ಚಿಗರಿ ಬಸ್ಸಿನಲ್ಲೇ ಉಳಿಯುತ್ತದೆ.

ಇಂಗ್ಲಿಷಿನ ಸಂಶೋಧನಾ ಪೇಪರು ಓದುವುದು ಕನ್ನಡ ಮಾಧ್ಯಮದಿಂದ ಬಂದವರಿಗೆ ಕಲ್ಲು ಕಡಿದಂತೆ ಅನಿಸುತ್ತದೆ. ನಾನು ಹೇಳಿಕೊಡುವ ಕ್ರಮ ಹೀಗೆ: ಮೊದಲು ಚಿತ್ರ ಮತ್ತು ಕೋಷ್ಟಕ ನೋಡಿ, ಏನು ಅಳೆದಿದ್ದಾರೆ ಅಂತ ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ಆಮೇಲೆ ವಿಧಾನ. ಸಾರಾಂಶ ಕೊನೆಗೆ. ಪೀಠಿಕೆಯ ದೊಡ್ಡ ದೊಡ್ಡ ವಾಕ್ಯಗಳಿಂದ ಶುರು ಮಾಡಿದವರು ಎರಡನೇ ಪುಟಕ್ಕೆ ಹೋಗುವುದೇ ಇಲ್ಲ. ದೇಶದ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ನಮ್ಮ ಕರ್ನಾಟಕ ವಿಶ್ವವಿದ್ಯಾಲಯದವೂ ಇವೆ. ಮಾಡುವ ವಿಧಾನ ವಿವರವಾಗಿ ಬರೆದಿರುವುದರಿಂದ ಶುರುವಿನವರಿಗೆ ಪೇಪರಿಗಿಂತ ಅದು ಸುಲಭ. ಸರಕಾರಿ ಸಂಸ್ಥೆಯವರಾದರೆ 2025ರ ಜನವರಿಯಿಂದ ಶುರುವಾದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯಡಿ ದುಬಾರಿ ಜರ್ನಲ್‌ಗಳೂ ಸಿಗಬಹುದು, ಲೈಬ್ರರಿಯಲ್ಲಿ ಲಾಗಿನ್ ಕೇಳಿ.

ರೆಡಿಮೇಡ್ ಪ್ರಾಜೆಕ್ಟಿನ ವಿಚಾರ. ಬೈಂಡಿಂಗ್ ಅಂಗಡಿಯಲ್ಲಿ ಹಳೆಯ ಪ್ರತಿ ಇಟ್ಟುಕೊಂಡು ಹೆಸರು ಬದಲಿಸಿ ಕೊಡುವವರು ಇದ್ದಾರೆ. ಹಾಗೆ ಬಂದ ಒಂದು ಪ್ರಾಜೆಕ್ಟಿನಲ್ಲಿ ಧಾರವಾಡದ ಕೆರೆಯ ಅಧ್ಯಾಯದ ನಡುವೆ ಸಮುದ್ರದ ಉಬ್ಬರವಿಳಿತದ ಕೋಷ್ಟಕ ಇತ್ತು. ಹುಡುಗ ತೆರೆದೂ ನೋಡಿರಲಿಲ್ಲ. ವೈವಾದಲ್ಲಿ ಅವನನ್ನು ಉಬ್ಬರದ ಬಗ್ಗೆಯೇ ಕೇಳಿದೆವು.

ಬರೆಯುವುದನ್ನು ಎಂಟನೇ ಸೆಮಿಸ್ಟರಿಗೆ ಇಟ್ಟುಕೊಳ್ಳಬೇಡಿ. ‘ಸಾಮಗ್ರಿ ಮತ್ತು ವಿಧಾನ’ದ ಅಧ್ಯಾಯವನ್ನು ಕೆಲಸ ಮಾಡುತ್ತಿರುವ ವಾರದಲ್ಲೇ ಬರೆದು ಗೈಡಿಗೆ ಕೊಡಿ. ಕೆಂಪು ಗೆರೆ ತುಂಬಿ ವಾಪಸ್ ಬಂದರೆ ಮುಖ ಸಣ್ಣದು ಮಾಡಿಕೊಳ್ಳಬೇಡಿ, ಗೆರೆ ಹಾಕುವವರು ಓದಿದ್ದಾರೆ ಅಂತ ಅರ್ಥ.

ಫಲ ತೆಗೆದುಕೊಳ್ಳುವುದು

ಈ ವರ್ಷದ ಉಪಯೋಗ ಅಂಕಪಟ್ಟಿಯಲ್ಲಿ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಎರಡು ತಿಂಗಳು ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ, ಅದಕ್ಕೆ ಭತ್ಯೆಯೂ ಉಂಟು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರದಲ್ಲೂ ಅಂಥದ್ದೇ ಇದೆ. ಬೇಸಿಗೆಯದ್ದು ಅಂತ ಬೇಸಿಗೆಯಲ್ಲಿ ಹುಡುಕಬೇಡಿ, ಅರ್ಜಿ ಅದಕ್ಕೂ ಹಿಂದಿನ ಚಳಿಗಾಲಕ್ಕೇ ಮುಗಿದಿರುತ್ತದೆ. ದಸರಾ ರಜೆಯಲ್ಲಿ ಕೂತು ನೀವು ಏನು ಮಾಡಬೇಕೆಂದಿದ್ದೀರಿ ಅನ್ನುವುದನ್ನು ಒಂದು ಪುಟ ಬರೆದಿಡಿ.

ಇದಕ್ಕೂ, ಮುಂದೆ ಎಂಎಸ್ಸಿ, ಪಿಎಚ್‌ಡಿ ಸಂದರ್ಶನಕ್ಕೂ ಬೇಕಾಗುವುದು ಶಿಫಾರಸು ಪತ್ರ. “ಮೇಡಂ, ನಾಳಿಗೆ ಲಾಸ್ಟ್ ಡೇಟ್ ಐತ್ರಿ” ಅಂತ ರಾತ್ರಿ ವಾಟ್ಸಾಪ್ ಮಾಡಿದರೆ ನಾನು ಬರೆಯುವುದು “ಒಳ್ಳೆಯ ವಿದ್ಯಾರ್ಥಿ, ಶಿಸ್ತಿನವಳು” ಅಷ್ಟೇ. ಅಂಥ ಪತ್ರವನ್ನು ಯಾರೂ ಓದುವುದಿಲ್ಲ. ಎರಡು ವಾರ ಮುಂಚೆ ಬಂದು, ನಿಮ್ಮ ಪ್ರಾಜೆಕ್ಟಿನ ಒಂದು ಪುಟದ ಸಾರ, ಅಂಕಪಟ್ಟಿ, ಯಾವ ಸಂಸ್ಥೆ, ಯಾವ ದಿನಾಂಕದೊಳಗೆ, ಇಮೇಲ್ ಎಲ್ಲಿಗೆ ಕಳಿಸಬೇಕು ಅನ್ನುವುದನ್ನು ಒಂದು ಹಾಳೆಯಲ್ಲಿ ಕೊಟ್ಟರೆ, ಯಂತ್ರ ಕೆಟ್ಟ ವಾರದಲ್ಲಿ ನೀವು ಏನು ಮಾಡಿದಿರಿ ಅನ್ನುವುದನ್ನು ನೆನಪಿಸಿಕೊಂಡು ಬರೆಯಲು ನನಗೆ ಸಮಯ ಸಿಗುತ್ತದೆ. ಎಲ್ಲಾ ಗೈಡುಗಳೂ ಹೀಗೇ.

ಕಚೇರಿಯ ಕೆಲಸ ಒಂದಿಷ್ಟಿದೆ. ಡಿಜಿಲಾಕರಿನಲ್ಲಿ, ಗಳಿಸಿದ ಕ್ರೆಡಿಟ್ ಜಮಾ ಆಗುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಐಡಿ ಮಾಡಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ರಾಜ್ಯದ ವಿಶ್ವವಿದ್ಯಾಲಯಗಳ ಪೋರ್ಟಲ್ ಯುಯುಸಿಎಂಎಸ್ ಮೂರರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯೇ ನೋಡಿ. ನಮ್ಮ ಕಡೆ ಒಬ್ಬಳೇ ಹುಡುಗಿ ಒಂದರಲ್ಲಿ ಹಿರೇಮಠ, ಒಂದರಲ್ಲಿ ತಂದೆ ಹೆಸರು, ಒಂದರಲ್ಲಿ ಬರೀ ಇನಿಷಿಯಲ್ ಆಗಿರುತ್ತಾಳೆ. ಎಂಟನೇ ಸೆಮಿಸ್ಟರ್ ಶುರುವಾಗುವ ಮುಂಚೆಯೇ ಇದನ್ನು ಸರಿ ಮಾಡಿಸಿ. ಪದವಿ ಪ್ರಮಾಣಪತ್ರ ಛಾಪಾದ ಮೇಲೆ ತಿದ್ದಿಸಲು ಅಫಿಡವಿಟ್, ಚಲನ್, ಮತ್ತೆ ಮತ್ತೆ ಪಾವಟೆ ನಗರ. ಹಳೆಯ ಬ್ಯಾಕ್‌ಲಾಗ್ ಉಳಿದಿದ್ದರೆ ಮೊದಲು ಅದನ್ನು ತೆಗೆಯಿರಿ, ಪ್ರಾಜೆಕ್ಟಿನ ವಿಷಯ ಆಮೇಲೆ ಮಾತಾಡೋಣ.